ಇನ್ನೂರೈವತ್ತೈದನೇ ಅಕ್ಷರಕ್ಕೆ ನಿಂತ ವಾಕ್ಯ

ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ನಾವು ಕಟ್ಟಿಕೊಟ್ಟ ಕ್ರೇನಿನ ಕೊಕ್ಕೆ ನೆಲ ಮುಟ್ಟಲಿಲ್ಲ. ಇಳಿಯುತ್ತ ಇಳಿಯುತ್ತ ಬಂದು ಒಂದೂವರೆ ಆಳೆತ್ತರದಲ್ಲಿ ನಿಂತುಬಿಟ್ಟಿತು. ಡ್ರಮ್ಮಿಗೆ ಸುತ್ತಿದ್ದ ಉಕ್ಕಿನ ರೋಪು ಅಷ್ಟಕ್ಕೇ ಮುಗಿದಿತ್ತು. ಗಿರಾಕಿಗೆ ಬೇಕಾಗಿದ್ದದ್ದು ಒಂಬತ್ತು ಮೀಟರ್ ಎತ್ತುವ ಕ್ರೇನು, ನಾವು ಕಟ್ಟಿದ್ದು ಆರು ಮೀಟರಿನದು. ಕಟ್ಟಿದವರ ತಪ್ಪೇನೂ ಇರಲಿಲ್ಲ, ಅವರ ಕೈಗೆ ಬಂದ ಕಾಗದದಲ್ಲಿ ಆರು ಎಂದೇ ಇತ್ತು. ಆ ಕಾಗದ ಹೊರಟದ್ದು ಪೀಣ್ಯದ ನಮ್ಮ ಕಚೇರಿಯಿಂದ, ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂರುತ್ತಿದ್ದ ಟೈಪಿಸ್ಟ್ ಮೇಡಂ ಅವರ ಕಂಪ್ಯೂಟರಿನಿಂದ.

ಶೆಡ್ಡಿನ ಮಾಡಿನ ಕೆಳಗೆ ಹಳಿಯ ಮೇಲೆ ಓಡಾಡುತ್ತ ಭಾರ ಎತ್ತುವ ಕ್ರೇನುಗಳನ್ನು ನಾವು ಮಾಡುತ್ತಿದ್ದೆವು. ಕಚೇರಿ ಪೀಣ್ಯದಲ್ಲಿ, ಕ್ರೇನು ಕಟ್ಟುವ ಶೆಡ್ಡು ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಲ್ಲಿ. ಯಾರಾದರೂ ಕ್ರೇನ್ ಬೇಕೆಂದು ವಿಚಾರಿಸಿದರೆ ಇಪ್ಪತ್ತೆರಡು ಪುಟಗಳ ಪ್ರಸ್ತಾವವೊಂದನ್ನು ಇಂಗ್ಲಿಷಿನಲ್ಲಿ ಕಳಿಸಬೇಕಿತ್ತು. ಎಲ್ಲರೂ ಅದನ್ನು 'ಆಫರ್' ಎನ್ನುತ್ತಿದ್ದರು. ಹೊಸ ಆಫರನ್ನು ಯಾರೂ ಹೊಸದಾಗಿ ಬರೆಯುತ್ತಿರಲಿಲ್ಲ. ಮೇಡಂ ಅಂಥದ್ದೇ ಹಳೆಯ ಆಫರೊಂದನ್ನು ತೆರೆದು, ಬೇರೆ ಹೆಸರಿನಲ್ಲಿ ಉಳಿಸಿ, ಗಿರಾಕಿಯ ಹೆಸರು, ಭಾರ, ಎತ್ತರ, ಬೆಲೆ ಇವನ್ನೆಲ್ಲ ಒಂದೊಂದಾಗಿ ತಿದ್ದುತ್ತಿದ್ದರು. ಎತ್ತರ ಎನ್ನುವುದು ಆ ಇಪ್ಪತ್ತೆರಡು ಪುಟಗಳಲ್ಲಿ ಐದು ಕಡೆ ಬರುತ್ತಿತ್ತು. ಬೊಮ್ಮಸಂದ್ರದ ಆಫರಿನಲ್ಲಿ ನಾಲ್ಕು ಕಡೆ ತಿದ್ದಿದ್ದರು, ಐದನೆಯದು ಹಾಗೇ ಉಳಿದಿತ್ತು. ಶೆಡ್ಡಿಗೆ ಹೋಗಿದ್ದು ಆ ಐದನೆಯದು ಇದ್ದ ಪುಟದ ನಕಲು.

ಯಜಮಾನರು ನನ್ನನ್ನು ಕರೆಸಿದರು. ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. "ಏನಮ್ಮಾ, ಒಂದು ಸಲ ಬರೆದ್ರೆ ಐದು ಕಡೆನೂ ಅದೇ ಬರೋ ಹಾಗೆ ಮಾಡಕ್ಕಾಗಲ್ವಾ?"

"ಆಗುತ್ತೆ ಸಾರ್. ಡೇಟಾಬೇಸ್‌ನಲ್ಲಿ ಒಂದು ಕಡೆ ಇಟ್ಟು, ಅಲ್ಲಿಂದ ಆಫರ್ ತಾನೇ ತಯಾರಾಗೋ ಹಾಗೆ ಮಾಡಬಹುದು."

"ಎಷ್ಟು ದಿನ?"

"ಎರಡು ತಿಂಗಳು" ಎಂದುಬಿಟ್ಟೆ. ಲೆಕ್ಕ ಹಾಕಿ ಹೇಳಿದ್ದಲ್ಲ.

ಹೊರಗೆ ಬರುವಾಗ ಸೇಲ್ಸ್ ಮ್ಯಾನೇಜರ್ ಜೊತೆಗೇ ಬಂದರು. ದನಿ ತಗ್ಗಿಸಿ, "ಬೇಗ ಮುಗಿಸಮ್ಮ. ಇದಾದ್ಮೇಲೆ ಮೇಡಂ ಅವರನ್ನ ಶೆಡ್ಡಿಗೆ ಹಾಕ್ತೀವಿ, ಗೇಟಲ್ಲಿ ಬಂದ ಸಾಮಾನು ಬರ್ಕೊಳ್ಳೋದಕ್ಕೆ. ಈಗ್ಲೇ ಅವರಿಗೇನೂ ಹೇಳ್ಬೇಡ" ಎಂದರು. ನಾನು ತಲೆಯಾಡಿಸಿದೆ. ಅವತ್ತು ಹಾಗೆ ತಲೆಯಾಡಿಸಿದ್ದಕ್ಕೆ ಆಮೇಲೆ ಎಷ್ಟೋ ದಿನ ಮನಸ್ಸು ಚುಚ್ಚುತ್ತಿತ್ತು.

ಮೇಡಂ ಪೀಣ್ಯದ ಹಳೆಯ ಊರಿನವರು. ಕಾರ್ಖಾನೆಗಳು ಬರುವ ಮೊದಲು ಅವರ ಮಾವನವರು ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಮೇಡಂ ಟೈಪ್‌ರೈಟಿಂಗ್‌ನಲ್ಲಿ ಸೀನಿಯರ್ ಗ್ರೇಡ್ ಪಾಸಾದವರು. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಗಿದ್ದರೂ ಕೀಲಿಗಳನ್ನು ಹಳೆಯ ಟೈಪ್‌ರೈಟರಿಗೆ ಹೊಡೆದಂತೆಯೇ ಹೊಡೆಯುತ್ತಿದ್ದರು. ಅವರ ಕೀಬೋರ್ಡಿನಲ್ಲಿ ಅಕ್ಷರಗಳು ಸವೆದು ಹೋಗಿದ್ದವು. ಅದರಿಂದ ಅವರಿಗೇನೂ ತೊಂದರೆಯಿರಲಿಲ್ಲ, ಅವರು ಕೀಲಿ ನೋಡುತ್ತಲೇ ಇರಲಿಲ್ಲ. ಬೇರೆ ಯಾರಾದರೂ ಆ ಕುರ್ಚಿಯಲ್ಲಿ ಕೂತರೆ ಮಾತ್ರ ಒಂದು ಸಾಲೂ ಬರೆಯಲಾಗುತ್ತಿರಲಿಲ್ಲ.

ಬೊಮ್ಮಸಂದ್ರದ ವಿಷಯವನ್ನು ಅವರೇ ಎತ್ತಿದರು. "ನನ್ನ ಕಣ್ಣು ತಪ್ತು ಕಣಮ್ಮ. ನಾಕು ಕಡೆ ತಿದ್ದಿದೀನಿ, ಒಂದು ಬಿಟ್ಟೆ. ನಿನ್ನ ಮಿಷನ್ನು ಬಿಡಾಕಿಲ್ಲ ಅಲ್ವಾ?"

"ಬಿಡಲ್ಲ ಮೇಡಂ."

"ಅಂಗಾದ್ರೆ ಮಾಡು. ಏನ್ ಬೇಕೋ ಕೇಳು, ಏಳ್ಕೊಡ್ತೀನಿ."

ಹೇಳಿಕೊಟ್ಟರು ಕೂಡ. ಮೊದಲ ಮೂರು ವಾರ ನಾನು ಒಂದು ಸಾಲು ಪ್ರೋಗ್ರಾಮನ್ನೂ ಬರೆಯಲಿಲ್ಲ. ಅವರ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಅವರು ಹಳೆಯ ಆಫರಿನಲ್ಲಿ ಏನೇನು ತಿದ್ದುತ್ತಾರೆ ಎಂದು ನೋಡಿ ಬರೆದುಕೊಂಡೆ. ಹೆಸರು, ಭಾರ, ಎತ್ತರ, ಬೆಲೆ ಇಷ್ಟೇ ಎಂದುಕೊಂಡಿದ್ದ ನನಗೆ ಮೊದಲ ದಿನವೇ ತಿಳಿಯಿತು, ಅದು ಅಷ್ಟಕ್ಕೆ ಮುಗಿಯುವ ಕೆಲಸವಲ್ಲ ಎಂದು. ಎರಕದ ಕಾರ್ಖಾನೆಗೆ ಹೋಗುವ ಆಫರಿನಲ್ಲಿ ಅವರು ಕೇಬಲ್ಲಿನ ಬಗ್ಗೆ ಒಂದು ಸಾಲು ಸೇರಿಸಿದರು. ಯಾರು ಹೇಳಿದರು ಎಂದು ಕೇಳಿದೆ.

"ಯಾರೂ ಏಳಿಲ್ಲ. ಅಲ್ಲಿ ಕೆಳಗಿಂದ ಶಾಖ ಬರ್ತದೆ, ಮಾಮೂಲಿ ಕೇಬಲ್ಲು ಕರಗ್ತದೆ. ಒಂದ್ಸಲ ಅಂಗಾಗಿತ್ತು, ಇಂಜಿನಿಯರು ಫೋನಲ್ಲಿ ಕೂಗಾಡಿದ್ದು ಕೇಳಿಸ್ಕೊಂಡಿದ್ದೆ. ಅವಾಗಿಂದ ನಾನೇ ಆಕ್ತೀನಿ."

ಬಯಲಿನಲ್ಲಿ ನಿಲ್ಲುವ ಕ್ರೇನಾದರೆ ಮೋಟಾರಿನ ಮೇಲೆ ತಗಡಿನ ಮುಚ್ಚಳ. ತಿಂಡಿ ತಿನಿಸು ಮಾಡುವ ಕಾರ್ಖಾನೆಯಾದರೆ ಗ್ರೀಸ್ ಕೆಳಗೆ ತೊಟ್ಟಿಕ್ಕದಂತೆ ತಟ್ಟೆ. ಸರ್ಕಾರಿ ಗಿರಾಕಿಗೆ ಬೇರೆಯದೇ ಷರತ್ತು. ಇವು ಯಾವ ಕಡತದಲ್ಲೂ ಇರಲಿಲ್ಲ, ಒಂದೊಂದೂ ಯಾವುದೋ ಹಳೆಯ ಜಗಳದಿಂದ ಅಥವಾ ಫೋನಿನ ಮಾತಿನಿಂದ ಅವರು ಹೆಕ್ಕಿಟ್ಟುಕೊಂಡಿದ್ದವು.

ಹಳೆಯ ಆಫರುಗಳನ್ನು ಒಟ್ಟುಮಾಡಿ ಓದುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕೆಲವು ವಾಕ್ಯಗಳ ಪೂರ್ಣವಿರಾಮದ ನಂತರ ಎರಡು ಅಕ್ಷರದಷ್ಟು ಜಾಗ ಇರುತ್ತಿತ್ತು, ಉಳಿದವುಗಳಲ್ಲಿ ಒಂದೇ. ಯಾಕೆಂದು ಕೇಳಿದಾಗ ಮೇಡಂ ನಕ್ಕರು. "ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಅಂಗೇ ಏಳ್ಕೊಟ್ಟಿದ್ದು. ಎರಡು ಜಾಗ ಬಿಡ್ದಿದ್ರೆ ಮಾರ್ಕು ಕಳೀತಿದ್ರು." ಅಂದರೆ ಎರಡು ಜಾಗ ಇದ್ದ ವಾಕ್ಯಗಳೆಲ್ಲ ಅವರು ಕೈಯಾರೆ ಬರೆದವು. ಅದಾದ ಮೇಲೆ ಯಾವ ಆಫರ್ ತೆರೆದರೂ ನನ್ನ ಕಣ್ಣು ಮೊದಲು ಆ ಜಾಗವನ್ನೇ ಹುಡುಕುತ್ತಿತ್ತು. ಇಂಜಿನಿಯರುಗಳು ಬರೆದದ್ದು ಎಂದು ಕಚೇರಿಯವರೆಲ್ಲ ನಂಬಿದ್ದ ಷರತ್ತುಗಳಲ್ಲಿ ಅರ್ಧಕ್ಕೂ ಹೆಚ್ಚು ಮೇಡಂ ಅವರವೇ.

ನಾಲ್ಕನೇ ವಾರ ಕೆಲಸಕ್ಕೆ ಕೈಹಾಕಿದೆ. ಡೇಟಾಬೇಸಿನಲ್ಲಿ ನಾಲ್ಕು ಕೋಷ್ಟಕಗಳು: ಗಿರಾಕಿಗಳದ್ದು, ವಿಚಾರಣೆಗಳದ್ದು, ಕ್ರೇನಿನ ಮಾದರಿಗಳದ್ದು, ಕೊನೆಯದು ಷರತ್ತುಗಳದ್ದು. ಇನ್ನೊಂದು ಕಡೆ ಆಫರಿನ ಖಾಲಿ ಅಚ್ಚು. ಅಂಕಿ ಬೀಳಬೇಕಾದ ಜಾಗದಲ್ಲೆಲ್ಲ ಕಣ್ಣಿಗೆ ಕಾಣದ ಒಂದೊಂದು ಗುರುತು. ಗುಂಡಿ ಒತ್ತಿದರೆ ನನ್ನ ಪ್ರೋಗ್ರಾಂ ಡಾಕ್ಯುಮೆಂಟ್ ಸಾಫ್ಟ್‌ವೇರನ್ನು ತೆರೆದು, ಗುರುತುಗಳನ್ನು ಹುಡುಕಿ, ಡೇಟಾಬೇಸಿನಿಂದ ತಂದದ್ದನ್ನು ಅಲ್ಲಲ್ಲಿ ತುಂಬಬೇಕು.

ಮೊದಲ ಸಲ ತುಂಬಿತು. ಅದೇ ಆಫರನ್ನು ತಿದ್ದಿ ಎರಡನೇ ಸಲ ತುಂಬಿಸಲು ಹೋದರೆ ಗುರುತುಗಳೇ ಇರಲಿಲ್ಲ. ಗುರುತಿನ ಜಾಗದಲ್ಲಿ ಅಕ್ಷರ ಇಟ್ಟಕೂಡಲೇ ಆ ಗುರುತು ಅಳಿಸಿಹೋಗುತ್ತದೆ ಎಂದು ಕಂಡುಕೊಳ್ಳಲು ಎರಡು ದಿನ ಬೇಕಾಯಿತು. ತುಂಬಿದ ತಕ್ಷಣ ಅದೇ ಜಾಗಕ್ಕೆ ಅದೇ ಹೆಸರಿನ ಗುರುತನ್ನು ಮತ್ತೆ ಹಾಕುವಂತೆ ಬರೆದೆ. ಆಮೇಲೆ ಮಧ್ಯಾಹ್ನವಾಗುವ ಹೊತ್ತಿಗೆ ಕಂಪ್ಯೂಟರ್ ತೆವಳತೊಡಗುತ್ತಿತ್ತು. ಪ್ರೋಗ್ರಾಂ ತೆರೆದ ಡಾಕ್ಯುಮೆಂಟ್ ಸಾಫ್ಟ್‌ವೇರು ಮುಚ್ಚದೆ ಪರದೆಯ ಹಿಂದೆ ಕೂತಿರುತ್ತಿತ್ತು, ಒಂದು ಆಫರಿಗೆ ಒಂದರಂತೆ. ಅದನ್ನೂ ಸರಿಪಡಿಸಿದೆ. ಮೂರನೆಯ ತೊಂದರೆ ಚಿಕ್ಕದಾಗಿ ಕಂಡಿತು. ಎರಕದ ಕಾರ್ಖಾನೆಯೂ ಹೌದು, ಬಯಲಿನ ಕ್ರೇನೂ ಹೌದು ಎಂದಾದರೆ ಎರಡಕ್ಕೂ ಸೇರಿದ ಷರತ್ತು ಎರಡು ಸಲ ಅಚ್ಚಾಗುತ್ತಿತ್ತು. ಒಂದೇ ಸಾಲು ಮತ್ತೆ ಬರದಂತೆ ಡೇಟಾಬೇಸಿಗೆ ಕೊಡುವ ಆಜ್ಞೆಯಲ್ಲಿ ಒಂದು ಪದ ಸೇರಿಸಿದೆ. ಸರಿಹೋಯಿತು. ಅವತ್ತು ಖುಷಿಯಿಂದ ಮೇಡಂ ಡಬ್ಬಿಯಲ್ಲಿದ್ದ ಅವರೆಕಾಳು ಉಪ್ಪಿಟ್ಟನ್ನು ಅರ್ಧಕ್ಕೂ ಹೆಚ್ಚು ನಾನೇ ತಿಂದೆ.

ಎರಡು ತಿಂಗಳು ಮುಗಿಯುವ ವಾರ ಪರೀಕ್ಷೆಗೆಂದು ನಿಜವಾದ ಮೂರು ವಿಚಾರಣೆಗಳಿಗೆ ಪ್ರೋಗ್ರಾಮಿನಿಂದಲೇ ಆಫರ್ ತಯಾರಿಸಿ ಕಳಿಸಿದೆವು. ಎತ್ತರ ಐದೂ ಕಡೆ ಸರಿಯಾಗಿತ್ತು. ಒಂದು ದಿನದ ಕೆಲಸ ಐದು ನಿಮಿಷಕ್ಕೆ ಇಳಿದಿತ್ತು. ಮ್ಯಾನೇಜರ್ ಎಲ್ಲರೆದುರಿಗೆ ನನ್ನ ಬೆನ್ನು ತಟ್ಟಿದರು.

ನಾಲ್ಕನೆಯದನ್ನು ಪ್ರಿಂಟ್ ತೆಗೆದು, ಕಡತಕ್ಕೆ ಸೇರಿಸಲು ಮೇಡಂ ಕೈಗೆ ಕೊಟ್ಟೆ. ಅವರು ಪುಟ ತಿರುಗಿಸುತ್ತ ಹದಿನಾಲ್ಕನೇ ಪುಟದಲ್ಲಿ ನಿಂತರು.

"ಇಲ್ಲೇನೋ ಬಿಟ್ಟೋಗದೆ ಕಣಮ್ಮ."

ನೋಡಿದೆ. ಕ್ರೇನನ್ನು ಗಿರಾಕಿಯ ಸ್ಥಳದಲ್ಲಿ ಜೋಡಿಸಿ, ಓಡಿಸಿ ತೋರಿಸುವುದು ನಮ್ಮ ಹೊಣೆ ಎಂಬ ವಾಕ್ಯ. "ಮುಗಿದಿದೆಯಲ್ಲ ಮೇಡಂ. ಪೂರ್ಣವಿರಾಮ ಇದೆ."

"ಮುಗ್ದದೆ. ಆದ್ರೆ ನನ್ನ ಬೆರಳು ಅಲ್ಲಿ ನಿಲ್ಲಲ್ಲ."

ಅವರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಆ ವಾಕ್ಯವನ್ನು ಬರಿಯ ಮೇಜಿನ ಮೇಲೆ ಬೆರಳಿನಿಂದ ಟೈಪ್ ಮಾಡತೊಡಗಿದರು. ಪೂರ್ಣವಿರಾಮದ ಜಾಗ ಬಂದರೂ ಬೆರಳುಗಳು ನಿಲ್ಲಲಿಲ್ಲ, ಮುಂದಕ್ಕೆ ಓಡಿದವು. ಕಣ್ಣು ತೆರೆದು ಹೇಳಿದರು: "ಗಿರಾಕಿ ಕ್ರೇನು ಓಡೋ ಅಳಿ ಆಕಿಸಿ, ಕರೆಂಟು ಕೊಟ್ಟು, ಸಾಮಾನು ಎತ್ತಕ್ಕೆ ಬಾಡಿಗೆ ಕ್ರೇನು ತರಿಸಿದ್ರೆ ಮಾತ್ರ. ಅದು ಎಲ್ಲೋಯ್ತು?"

ಡೇಟಾಬೇಸ್ ತೆರೆದು ನೋಡಿದೆ. ಅಲ್ಲಿ ವಾಕ್ಯ ಪೂರ್ತಿ ಇತ್ತು. ಆಫರಿನಲ್ಲಿ ಅರ್ಧವೇ ಬಂದಿತ್ತು. ಬಂದ ಅಕ್ಷರಗಳನ್ನು ಎಣಿಸಿದೆ, ಇನ್ನೂರೈವತ್ತೈದು. ಉಳಿದ ಷರತ್ತುಗಳನ್ನೂ ಎಣಿಸಿದೆ. ಅದಕ್ಕಿಂತ ಉದ್ದದ ಷರತ್ತು ಅದೊಂದೇ. ಒಂದೇ ಸಾಲು ಎರಡು ಸಲ ಬಾರದಿರಲೆಂದು ನಾನು ಸೇರಿಸಿದ್ದ ಆ ಪದ ಬಂದಾಗ ಡೇಟಾಬೇಸ್ ಸಾಲುಗಳನ್ನು ಹೋಲಿಸಿ ನೋಡುತ್ತದೆ. ಹಾಗೆ ಹೋಲಿಸಲು ಪ್ರತಿ ಸಾಲಿನ ಮೊದಲ ಇನ್ನೂರೈವತ್ತೈದು ಅಕ್ಷರಗಳನ್ನಷ್ಟೇ ಇಟ್ಟುಕೊಂಡು ಮಿಕ್ಕಿದ್ದನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಇಂಗ್ಲಿಷಿನಲ್ಲಿ 'ಹೀಗಿದ್ದರೆ ಮಾತ್ರ' ಎನ್ನುವುದು ವಾಕ್ಯದ ಬಾಲದಲ್ಲಿ ಬರುತ್ತದೆ. ಕತ್ತರಿ ಬಿದ್ದದ್ದು ಸರಿಯಾಗಿ ಆ ಬಾಲಕ್ಕೆ. ಕೊನೆಯ ಪೂರ್ಣವಿರಾಮವನ್ನು ಚೆಂದ ಕಾಣಲೆಂದು ನಾನೇ ಅಚ್ಚಿನಲ್ಲಿ ಇಟ್ಟಿದ್ದೆ, ಹಾಗಾಗಿ ತುಂಡಾದ ವಾಕ್ಯ ಮುಗಿದ ವಾಕ್ಯದಂತೆ ಕೂತಿತ್ತು. ಮೂರು ಗಿರಾಕಿಗಳಿಗೆ ನಾವು ಯಾವ ಷರತ್ತೂ ಇಲ್ಲದೆ, ಎಲ್ಲ ಖರ್ಚೂ ನಮ್ಮದೇ ಎಂದು ಬರೆದುಕೊಟ್ಟಿದ್ದೆವು.

ಆ ಪದವನ್ನು ತೆಗೆದು ಬೇರೆ ದಾರಿ ಮಾಡಲು ಒಂದು ಗಂಟೆ ಸಾಕಾಯಿತು. ಹೋಗಿದ್ದ ಮೂರು ಆಫರುಗಳನ್ನು ಏನು ಮಾಡುವುದು? ಮ್ಯಾನೇಜರ್ ಬಳಿ ಹೋಗಿ ಹೇಳಿದೆ. ಅವರು ಬಾಗಿಲ ಕಡೆ ನೋಡಿ, "ಹದಿನಾಲ್ಕನೇ ಪುಟ ಯಾರ್ ಓದ್ತಾರಮ್ಮಾ? ಸುಮ್ನಿರು. ಆರ್ಡರ್ ಬಂದ್ಮೇಲೆ ಮಾತಾಡ್ಕೊಳ್ಳೋಣ. ಈಗ ಯಜಮಾನ್ರಿಗೆ ಹೇಳಿದ್ರೆ ನಿನ್ನ ಪ್ರೋಗ್ರಾಮೂ ಹೋಯ್ತು, ನನ್ನ ಮಾನನೂ ಹೋಯ್ತು" ಎಂದರು.

ಮರಳಿ ಬಂದು ಮೇಡಂ ಪಕ್ಕದ ಸ್ಟೂಲಿನಲ್ಲಿ ಕೂತೆ. ಮ್ಯಾನೇಜರ್ ಹೇಳಿದ್ದನ್ನು ಹೇಳಿದೆ. ಎರಡು ತಿಂಗಳಿಂದ ನುಂಗಿಕೊಂಡಿದ್ದ ಇನ್ನೊಂದು ಮಾತನ್ನೂ ಹೇಳಿಬಿಟ್ಟೆ. "ಮೇಡಂ, ಇದು ಮುಗಿದ್ಮೇಲೆ ನಿಮ್ಮನ್ನ ಶೆಡ್ಡಿಗೆ..."

"ಗೊತ್ತು ಬಿಡು" ಎಂದರು. "ಆ ವರ್ಗಾವಣೆ ಕಾಗದ ಟೈಪ್ ಮಾಡಕ್ಕೆ ನನ್ನ ಅತ್ರನೇ ಕೊಟ್ಟಿದ್ರು. ತಾರೀಕು ಖಾಲಿ ಬಿಡಿ ಅಂದ್ರು. ಮಾಡಿಟ್ಟಿದೀನಿ."

"ಗೊತ್ತಿದ್ದೂ ನಂಗೆ ಎಲ್ಲಾ ಹೇಳ್ಕೊಟ್ರಾ?"

"ಮತ್ತಿನ್ನೇನ್ ಮಾಡ್ಲಿ? ಅರ್ಧ ಏಳ್ಕೊಟ್ರೆ ನೀನು ಅರ್ಧ ಮಾಡ್ತಿದ್ದೆ. ಆ ತಪ್ಪು ಕಾಗದ ಇನ್ನೊಬ್ಬರ ತಲೆ ಮೇಲೆ ಓಗಿ ನಿಲ್ತಿತ್ತು. ಬೊಮ್ಮಸಂದ್ರದ್ದು ಒಂದು ಸಾಲ್ದಾ?" ಹದಿನಾಲ್ಕನೇ ಪುಟವನ್ನು ನನ್ನ ಕಡೆ ತಳ್ಳಿ, "ಇವತ್ತಿಂದು ನಿನ್ನ ಕಾಗದ. ಏನ್ ಮಾಡ್ತೀಯೋ ನೀನೇ ನೋಡು" ಎಂದರು.

ನಾನು ಎದ್ದು ಯಜಮಾನರ ಕೋಣೆಗೆ ಹೋದೆ. ಹೋಗುವಾಗ ಹದಿನಾಲ್ಕನೇ ಪುಟವನ್ನು ಕೈಯಲ್ಲಿ ಹಿಡಿದಿದ್ದೆ. ಆಗಿದ್ದನ್ನೆಲ್ಲ ಮೊದಲಿಂದ ಹೇಳಿದೆ, ಮ್ಯಾನೇಜರ್ ಮಾತೊಂದನ್ನು ಬಿಟ್ಟು. ಯಜಮಾನರು ಪುಟವನ್ನು ಎರಡು ಸಲ ಓದಿದರು.

"ಇದನ್ನ ಹಿಡಿದದ್ದು ಯಾರು?"

"ಮೇಡಂ, ಸಾರ್."

"ಡೇಟಾಬೇಸಲ್ಲಿರೋದರ ಜೊತೆ ಹೋಲಿಸಿ ನೋಡಿದ್ರಾ?"

"ಇಲ್ಲ ಸಾರ್. ಓದಿ ಹಿಡಿದ್ರು."

ಅವರು ಪುಟವನ್ನು ಮೇಜಿನ ಮೇಲಿಟ್ಟರು. ಒಳಗೆ ಬರುವಾಗ ನಾನು ಯೋಚಿಸಿಯೇ ಇರದ ಮಾತು ಆಗ ಬಾಯಿಗೆ ಬಂತು. "ಸಾರ್, ಮೇಡಂ ಅವರನ್ನ ಶೆಡ್ಡಿಗೆ ಕಳಿಸೋದಾದ್ರೆ ಈ ಪ್ರೋಗ್ರಾಂ ಬೇಡ. ನಾನೇ ತೆಗೆದುಹಾಕ್ತೀನಿ. ಇದು ಇರಬೇಕು ಅಂದ್ರೆ ಷರತ್ತುಗಳ ಕೋಷ್ಟಕ ಅವರ ಕೈಯಲ್ಲಿರಬೇಕು. ಅವರು ಓದಿ ಸರಿ ಅಂತ ಗುರುತು ಹಾಕೋವರೆಗೂ ಪ್ರಿಂಟೇ ಆಗದ ಹಾಗೆ ಮಾಡ್ತೀನಿ."

"ಎಲ್ಲಾ ಕಂಪ್ಯೂಟರೇ ಮಾಡುತ್ತೆ ಅಂದಿದ್ದೆಯಲ್ಲಮ್ಮಾ."

"ಹೊಂದಿಸುತ್ತೆ ಸಾರ್. ಓದೋಕೆ ಬರಲ್ಲ ಅದಕ್ಕೆ."

ಕೆಲಸ ಹೋಯಿತು ಎಂದೇ ಅಂದುಕೊಂಡೆ. ಯಜಮಾನರು ಮೇಡಂ ಅವರನ್ನು ಕರೆಸಿದರು. ಮೂರೂ ಗಿರಾಕಿಗಳಿಗೆ ತಿದ್ದಿದ ಆಫರ್ ಹೋಗಬೇಕು, ಜೊತೆಗೆ ತಪ್ಪು ನಮ್ಮದೆಂದು ಹೇಳುವ ಪತ್ರ ಹೋಗಬೇಕು, ಅದನ್ನು ನೀವೇ ಬರೆಯಿರಿ ಎಂದರು. ಮೇಡಂ ಬರೆದ ಪತ್ರ ಆರು ಸಾಲಿನದು. ನೆಪ ಹೇಳುವ ಒಂದು ಪದವೂ ಇರಲಿಲ್ಲ. ಪ್ರತಿ ಪೂರ್ಣವಿರಾಮದ ನಂತರ ಎರಡು ಜಾಗ ಇತ್ತು.

ಮೂವರಲ್ಲಿ ಒಬ್ಬರು ಆಗಲೇ ಹದಿನಾಲ್ಕನೇ ಪುಟ ಓದಿದ್ದರು. ಓದಿಯೇ ನಮ್ಮನ್ನು ಆರಿಸಿದ್ದರಂತೆ. ತಿದ್ದುಪಡಿ ಕಂಡು ಬೇರೆ ಕಂಪನಿಗೆ ಹೋದರು. ಒಬ್ಬರು ಪತ್ರ ತಲುಪಿದೆ ಎಂದಷ್ಟೇ ತಿಳಿಸಿದರು. ಇನ್ನೊಬ್ಬರಿಂದ ಉತ್ತರವೇ ಬರಲಿಲ್ಲ. ಕೈತಪ್ಪಿದ ಆರ್ಡರಿನ ಸಿಟ್ಟಿಗೆ ಮ್ಯಾನೇಜರ್ ಎರಡು ವಾರ ನನ್ನೊಡನೆ ಮಾತು ಬಿಟ್ಟರು. ವರ್ಗಾವಣೆಯ ಕಾಗದದಲ್ಲಿ ತಾರೀಕು ಮಾತ್ರ ಬೀಳಲಿಲ್ಲ.

ಮ್ಯಾನೇಜರ್ ಮತ್ತೆ ನಮ್ಮ ಕಡೆ ಬಂದದ್ದು ದಾಬಸ್‌ಪೇಟೆಯ ಹೊಸ ಕಾರ್ಖಾನೆಯೊಂದು ಹನ್ನೊಂದು ಕ್ರೇನುಗಳಿಗೆ ಒಟ್ಟಿಗೆ ಆಫರ್ ಕೇಳಿದಾಗ. ನಾಲ್ಕು ದಿನ ಗಡುವು. ಒಂದೊಂದು ಕ್ರೇನಿಗೂ ಭಾರ ಬೇರೆ, ಎತ್ತರ ಬೇರೆ, ಎರಡು ಬಯಲಲ್ಲಿ ನಿಲ್ಲುವಂಥವು. ಸ್ಟೂಲಿನ ಹತ್ತಿರ ಬಂದು ನಿಂತು, "ಆಗುತ್ತಾ ಮೇಡಂ?" ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ.

"ಮಿಷನ್ನು ಸಂಜೆಗೆ ಕೊಡ್ತದೆ. ನಂಗೆ ಓದಕ್ಕೆ ಎರಡು ದಿನ ಬೇಕು" ಎಂದರು ಮೇಡಂ.

ಆ ಎರಡು ದಿನ ಅವರು ಅಳತೆಪಟ್ಟಿಯನ್ನು ಸಾಲಿನ ಕೆಳಗೆ ಇಟ್ಟುಕೊಂಡು ಹನ್ನೊಂದು ಆಫರುಗಳನ್ನೂ ಓದಿದರು. ಗುರುತು ಹಾಕುವಾಗಲೆಲ್ಲ ಕೀಲಿಯನ್ನು ಒಂದೇ ಏಟಿಗೆ ಹೊಡೆಯುತ್ತಿದ್ದರು. ಏಳು ಕ್ರೇನುಗಳ ಆರ್ಡರ್ ನಮಗೆ ಬಂತು. ಯಜಮಾನರು ನಮ್ಮಿಬ್ಬರನ್ನೂ ಕರೆದು, ಮೊದಲನೆಯ ಕ್ರೇನಿನ ಪರೀಕ್ಷೆ ನೋಡಿಬನ್ನಿ ಎಂದು ಕಂಪನಿಯ ವ್ಯಾನಿನಲ್ಲಿ ಮಾದನಾಯಕನಹಳ್ಳಿಗೆ ಕಳಿಸಿದರು. ಅಷ್ಟು ವರ್ಷ ಕ್ರೇನುಗಳ ಬಗ್ಗೆಯೇ ಟೈಪ್ ಮಾಡಿದ ಮೇಡಂ ಒಂದು ಕ್ರೇನು ಭಾರ ಎತ್ತುವುದನ್ನು ಕಂಡಿರಲಿಲ್ಲ. ಕಚೇರಿಯ ಹೆಂಗಸರಿಗೆ ಶೆಡ್ಡಿನಲ್ಲಿ ಏನು ಕೆಲಸ ಎಂದು ಯಾರೂ ಕರೆದೊಯ್ದಿರಲಿಲ್ಲ.

ಪರೀಕ್ಷೆಯ ಭಾರಕ್ಕೆಂದು ಕಟ್ಟಿದ್ದ ಕಬ್ಬಿಣದ ದಿಮ್ಮಿಗಳು ನೆಲ ಬಿಟ್ಟು ಮೇಲೆದ್ದಾಗ ಮೇಡಂ ನನ್ನ ಮುಂಗೈ ಹಿಡಿದುಕೊಂಡರು. ಬಿಟ್ಟದ್ದು ಅವು ಕೆಳಗಿಳಿದ ಮೇಲೆಯೇ.

ಆಗ ಫಿಟ್ಟರ್ ಒಬ್ಬರು ಹತ್ತಿರ ಬಂದರು. ಕೊಪ್ಪಳದ ಕಡೆಯವರು, ನಡುವಯಸ್ಸಿನವರು. ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದರು. ನಮ್ಮ ಆಫರಿನಿಂದ ಶೆಡ್ಡಿಗೆ ಬರುವ ಅಳತೆಗಳ ಪುಟ.

"ಇದನ್ನ ಬರಿಯೋರು ನೀವೇ ಏನ್ರಿ, ಅಕ್ಕಾರ?"

"ಊಂನಪ್ಪ. ಯಾಕೆ, ತಪ್ಪದಾ?"

"ತಪ್ಪಿಲ್ರಿ. ಅಂಕಿ ತಿಳೀತಾವು, ಅದರ ಮುಂದಿನ ಇಂಗ್ಲಿಷ್ ತಿಳ್ಯಂಗಿಲ್ರಿ. ಸೂಪರ್‌ವೈಸರ್ ಬರೂತನ ಕಾಯ್ತೀವಿ, ಇಲ್ಲಂದ್ರ ಅಂದಾಜಿನ ಮ್ಯಾಲ ಮಾಡ್ತೀವಿ. ಈ ಒಂದ್ ಹಾಳಿ ಕನ್ನಡದಾಗ ಬರತೈತೇನ್ರಿ?"

ಮೇಡಂ ನನ್ನ ಮುಖ ನೋಡಿದರು. ಆ ದಿನಗಳಲ್ಲಿ ಡೇಟಾಬೇಸಿನಲ್ಲಿ ಕನ್ನಡ ಕೂರಿಸುವುದು ಸುಲಭವಿರಲಿಲ್ಲ. ಅಚ್ಚಿಗೆ ಬರುವಷ್ಟರಲ್ಲಿ ಒತ್ತಕ್ಷರಗಳು ಚೆದುರಿ ಎಲ್ಲೆಲ್ಲೋ ಬಿದ್ದಿರುತ್ತಿದ್ದವು. ಆದರೂ "ಬರತ್ತೆ" ಎಂದೆ. ಈ ಸಲ ಎಷ್ಟು ದಿನ ಎಂದು ಮಾತ್ರ ಹೇಳಲಿಲ್ಲ.

ಡೇಟಾಬೇಸಿನಿಂದ ಅಂಕಿಗಳನ್ನಷ್ಟೇ ತಂದು, ಕನ್ನಡದ ಹೆಸರುಗಳನ್ನು ಅಚ್ಚಿನಲ್ಲೇ ಇಡುವುದೆಂದು ಕೊನೆಗೆ ದಾರಿ ಹುಡುಕಿದೆ. ಅವನ್ನು ಮೇಡಂ ತಾವೇ ಟೈಪ್ ಮಾಡುತ್ತೇನೆಂದರು. ಕನ್ನಡದ ಕೀಲಿಗಳು ಅವರಿಗೆ ಹೊಸತು. ಕೀಲಿ ನೋಡದವರು ಈಗ ಕನ್ನಡಕ ಏರಿಸಿ, ಒಂದೇ ಬೆರಳಲ್ಲಿ 'ಕ್ಷ' ಎಲ್ಲಿದೆ ಎಂದು ಹುಡುಕುತ್ತಿದ್ದರು. ಒಂದು ಪುಟಕ್ಕೆ ಆರು ದಿನ ಹಿಡಿಯಿತು. ಆರನೆಯ ದಿನ ಅದನ್ನು ಶೆಡ್ಡಿಗೆ ಹೋಗುವ ಅಂಚೆಚೀಲದಲ್ಲಿ ಕಳಿಸಲು ಒಪ್ಪದೆ, ಮಧ್ಯಾಹ್ನದ ವ್ಯಾನು ಹತ್ತಿ ನನ್ನನ್ನೂ ಹೊರಡಿಸಿದರು.

ಫಿಟ್ಟರ್ ಕೈ ಒರೆಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದತೊಡಗಿದರು. ವೆಲ್ಡಿಂಗ್ ಮಾಡುತ್ತಿದ್ದವರು ನಿಲ್ಲಿಸಿ ಸುತ್ತ ಬಂದು ನಿಂತರು. ಐದನೆಯ ಸಾಲಿಗೆ ಬಂದವರು ತಡೆದರು.

"ಅಕ್ಕಾರ, ಇಲ್ಲಿ ಹಗ್ಗ ಅಂತ ಹಾಕೀರಿ. ನಾವು ರೋಪ್ ಅಂತೀವ್ರಿ. ಹಗ್ಗ ಅಂದ್ರ ಎಮ್ಮಿ ಕಟ್ಟೂದು."

ಎಲ್ಲರೂ ನಕ್ಕರು. ಮೇಡಂ ನಗುತ್ತಲೇ ಚೀಲದಿಂದ ಪೆನ್ಸಿಲ್ ತೆಗೆದು, ಒಂದು ಮರದ ಪೆಟ್ಟಿಗೆಯ ಮೇಲೆ ಸೀರೆ ಒತ್ತರಿಸಿಕೊಂಡು ಕೂತರು. ಹಾಳೆಯನ್ನು ತೊಡೆಯ ಮೇಲಿಟ್ಟು 'ಹಗ್ಗ'ಕ್ಕೆ ಗೆರೆ ಎಳೆದರು.

"ಇನ್ನೇನೇನದೆ ಏಳಪ್ಪ. ಮೊದಲ್ನೇ ಸಾಲಿಂದ ಓದು."

ಹೊರಗೆ ವ್ಯಾನು ಹಾರ್ನ್ ಹೊಡೆಯತೊಡಗಿತ್ತು. ನಾನು ಹೋಗಿ, ಇನ್ನೂ ಅರ್ಧ ಗಂಟೆ ಆಗುತ್ತದೆ ಎಂದು ಡ್ರೈವರಿಗೆ ಹೇಳಿ ಬಂದೆ.